ಕಸಿನ್ ಅಂದರೆ ಯಾರ ಮಗ?

ಮಾತಿನ ಪಂಚಾಯ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪದ ಹಿಡಿದುಕೊಂಡು ಬಂದಿವೆ. ಹೋದ ಸಂಚಿಕೆಯಲ್ಲಿ, ನಾನು ಚೆಂಗ್ಡುವಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದ ಬಗ್ಗೆ ಬರೆಯುತ್ತಾ, ಚೀನೀ ಮಾತಾಡುವವರಿಗೆ 'ಕಸಿನ್' ಎಂಬ ಪದ ಕಲಿಸುವುದು ವ್ಯಾಕರಣ ಕಲಿಸುವುದಕ್ಕಿಂತ ಕಷ್ಟ ಎಂದು ಒಂದು ಸಾಲು ಹಾಕಿದ್ದೆ. ಅದರ ಫಲ ಇದು. ಬೇರೆ ಪ್ರಶ್ನೆಗಳವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ಮೇಡಂ, ನನ್ನ ಮಗಳು ಮನೆಯಲ್ಲೇ ಕೂತು ಚೀನಾದ ದೊಡ್ಡವರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಮಾತಾಡುವುದು ಕಲಿಸುತ್ತಾಳೆ. ಒಬ್ಬ ವಿದ್ಯಾರ್ಥಿನಿ ಮೊದಲ ದಿನ "ನಾನು ಒಬ್ಬಳೇ ಮಗಳು" ಅಂದಳಂತೆ. ಕೆಲವು ವಾರ ಕಳೆದ ಮೇಲೆ "ನಮ್ಮಣ್ಣನ ಮದುವೆ, ಕ್ಲಾಸಿಗೆ ಬರಲ್ಲ" ಅಂದಳಂತೆ. ಅದು 'ಬ್ರದರ್' ಅಲ್ಲ, 'ಕಸಿನ್' ಅಂತ ನನ್ನ ಮಗಳು ತಿದ್ದಿದ್ದಕ್ಕೆ ಆ ಹುಡುಗಿ ಮುಖ ಚಿಕ್ಕದು ಮಾಡಿಕೊಂಡಳಂತೆ. ನಮ್ಮ ಹಾಗೆ ಅವರೂ ದೊಡ್ಡಪ್ಪನ ಮಗನನ್ನು ಅಣ್ಣ ಅಂತಾರಾ? ಕಸಿನ್ ಅನ್ನೋದರಲ್ಲಿ ಅವರಿಗೆ ಕಷ್ಟ ಏನು? (ದಾವಣಗೆರೆಯ ಓದುಗರು)

ಉತ್ತರ: ಅಂತಾರಮ್ಮ, ಧಾರಾಳವಾಗಿ ಅಂತಾರೆ. ಆ ಹುಡುಗಿ ರಜೆಗೋಸ್ಕರ ಅಣ್ಣನನ್ನು ಹುಟ್ಟಿಸಿಲ್ಲ. ಚೀನಾದ ನಗರಗಳಲ್ಲಿ 1980ರ ಆಸುಪಾಸಿನಿಂದ 2015ರ ಕೊನೆಯವರೆಗೆ ಮನೆಗೊಂದೇ ಮಗು ಎಂಬ ನಿಯಮ ನಡೆಯಿತು; 2016ರ ಜನವರಿಯಿಂದ ಎರಡನೆಯದಕ್ಕೆ ಅನುಮತಿ ಸಿಕ್ಕಿತು. ಆ ಅವಧಿಯಲ್ಲಿ ಹುಟ್ಟಿದ ಬಹುಪಾಲು ನಗರದ ಮಕ್ಕಳಿಗೆ ಒಡಹುಟ್ಟಿದವರಿಲ್ಲ. ಆದರೆ ಅವರ ಅಪ್ಪ ಅಮ್ಮಂದಿರಿಗೆ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲ ಇದ್ದರು. ಹೊಸ ವರ್ಷದ ಹಬ್ಬದ ಎರಡನೇ ದಿನ ಹೆಣ್ಣುಮಕ್ಕಳು ಗಂಡ, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುವುದು ಅಲ್ಲಿನ ಪದ್ಧತಿ. ಆ ಅಜ್ಜಿಮನೆಯಲ್ಲಿ ಸೇರಿ ಗಲಾಟೆ ಮಾಡುವ ಮಕ್ಕಳೇ ಒಬ್ಬರಿಗೊಬ್ಬರು ಅಣ್ಣ, ತಂಗಿ. ಬೇರೆ ಅಣ್ಣ ಅವರಿಗೆ ಎಲ್ಲಿಂದ ಬರಬೇಕು? ಅವನನ್ನು ಮದುವೆಯ ವಾರದಲ್ಲಿ 'ಬ್ರದರ್ ಅಲ್ಲ' ಅಂದರೆ ಯಾರ ಮುಖವಾದರೂ ಚಿಕ್ಕದಾಗುತ್ತದೆ.

ಇನ್ನು ಪದದ ಮಾತು. ಚೀನೀ ಭಾಷೆಯಲ್ಲಿ ಕಸಿನ್‌ಗೆ ಒಂದು ಪದ ಇಲ್ಲ, ಎಂಟು ಇವೆ. ಮೊದಲು ಎರಡು ಗುಂಪು: 'ಥಾಂಗ್' ಮತ್ತು 'ಪ್ಯಾವ್'. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಥಾಂಗ್. ಆ ಅಕ್ಷರದ ಅರ್ಥ ಮನೆಯ ಹಜಾರ, ಒಂದೇ ಹಜಾರದವರು ಅಂತ. ಉಳಿದವರೆಲ್ಲ, ಅಂದರೆ ಸೋದರತ್ತೆಯ ಮಕ್ಕಳು, ಸೋದರಮಾವನ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು, ಎಲ್ಲರೂ ಪ್ಯಾವ್. ಅದರ ಅರ್ಥ ಹೊರಗಿನದು, ಮೇಲ್ಮೈ. ಇವೆರಡರ ಮುಂದೆ ಅಣ್ಣನಿಗೆ 'ಕ', ತಮ್ಮನಿಗೆ 'ತಿ', ಅಕ್ಕನಿಗೆ 'ಚ್ಯೆ', ತಂಗಿಗೆ 'ಮೇಯ್' ಸೇರಿಸಬೇಕು. ಥಾಂಗ್‌ಕ ಅಂದರೆ ದೊಡ್ಡಪ್ಪನದೋ ಚಿಕ್ಕಪ್ಪನದೋ ಮಗ, ನನಗಿಂತ ದೊಡ್ಡವನು. ಪ್ಯಾವ್‌ಮೇಯ್ ಅಂದರೆ ಆ ಉಳಿದ ಮೂರು ಕಡೆಯಲ್ಲಿ ಯಾವುದೋ ಒಂದರ ಹುಡುಗಿ, ನನಗಿಂತ ಚಿಕ್ಕವಳು. (ರೋಮನ್ ಅಕ್ಷರದಲ್ಲಿ ಇವನ್ನು 'ಬಿ', 'ಜಿ', 'ಡಿ', 'ಜೆ' ಹಾಕಿ ಬರೆಯುತ್ತಾರೆ. ಕನ್ನಡದ ಕಿವಿಗೆ ಕೇಳುವುದು ಪ, ಕ, ತ, ಚ, ಹಾಗೇ ಬರೆದಿದ್ದೇನೆ. ತ, ಥ ಬೇರೆ ಬೇರೆ ಎಂದು ಒಂದನೇ ಕ್ಲಾಸಿನಲ್ಲೇ ಕಲಿತ ನಮಗೆ ಚೀನೀ ಉಚ್ಚಾರದಲ್ಲಿ ಇದೊಂದು ಲಾಭ.)

ಅಲ್ಲಿನ ಇಂಗ್ಲಿಷ್ ನಿಘಂಟು ತೆಗೆದು ಕಸಿನ್ ನೋಡಿದರೆ ಒಂದು ಮೆರವಣಿಗೆಯೇ ಇರುತ್ತದೆ: ಥಾಂಗ್ ಅಥವಾ ಪ್ಯಾವ್ ಅಣ್ಣತಮ್ಮ, ಥಾಂಗ್ ಅಥವಾ ಪ್ಯಾವ್ ಅಕ್ಕತಂಗಿ. ಓದಿದ ವಿದ್ಯಾರ್ಥಿಗೆ ಅರ್ಥ ತಿಳಿಯುವುದಿಲ್ಲ ಅಂತಲ್ಲ. ಅರ್ಥ ಐದು ನಿಮಿಷದಲ್ಲಿ ತಿಳಿಯುತ್ತದೆ. ಇಷ್ಟೆಲ್ಲ ಬಿಟ್ಟು ಹೇಗೆ ಮಾತಾಡುವುದು ಎನ್ನುವುದೇ ಅವರ ಸಂಕಟ. ಯಾವ ಕಡೆ, ದೊಡ್ಡವರೋ ಚಿಕ್ಕವರೋ, ಗಂಡೋ ಹೆಣ್ಣೋ, ಮೂರನ್ನೂ ಇಂಗ್ಲಿಷ್ ಪದ ಕೈಬಿಟ್ಟಿದೆ. ಹುಟ್ಟಿದಾಗಿನಿಂದ ಈ ಮೂರನ್ನೂ ಸೇರಿಸಿಯೇ ಕರೆದವರಿಗೆ, ಬಿಟ್ಟು ಕರೆಯುವುದು ಅಗೌರವ ಅನ್ನಿಸುತ್ತದೆ. ಅದಕ್ಕೇ ಕೆಲವರು ಪೂರ್ತಿ ಹೇಳಿಬಿಡುತ್ತಾರೆ: ನನ್ನ ತಂದೆಯ ಕಿರಿಯ ಸಹೋದರನ ಹಿರಿಯ ಪುತ್ರನಾದ ನನ್ನ ಕಸಿನ್ ಊಟಕ್ಕೆ ಬಂದಿದ್ದ, ಅಂತ. ವಕೀಲರು ಉಯಿಲು ಓದಿದ ಹಾಗಿರುತ್ತದೆ.

ಗಂಡು ಹೆಣ್ಣಿನ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ನನ್ನ ತರಗತಿಯಲ್ಲಿ ಒಬ್ಬ ಯುವಕ ಬರೆದಿದ್ದ ಎರಡು ಸಾಲು: "ಮೈ ಕಸಿನ್ ಈಸ್ ಎ ನರ್ಸ್. ಹೀ ಈಸ್ ಪ್ರೆಗ್ನೆಂಟ್." ಹಿಂದಿನ ಬೆಂಚಿನವರೆಲ್ಲ ನಕ್ಕರು. ಅವನಿಗೆ ನರ್ಸ್ ಹೆಣ್ಣು ಎಂದು ಗೊತ್ತಿಲ್ಲವೇ? ಗೊತ್ತು, ಅವನ ಪ್ಯಾವ್‌ಚ್ಯೆ ಅವಳು. ಆದರೆ ಚೀನೀ ಮಾತಿನಲ್ಲಿ ಅವನು, ಅವಳು ಎರಡಕ್ಕೂ 'ಥಾ' ಎಂಬ ಒಂದೇ ಶಬ್ದ. ಬರೆಯುವಾಗ ಅಕ್ಷರ ಬೇರೆ, ಬಾಯಲ್ಲಿ ಒಂದೇ. ಅಲ್ಲಿ ಹೆಣ್ಣೆಂಬ ಸುದ್ದಿ 'ಚ್ಯೆ' ಎಂಬ ನೆಂಟಸ್ತಿಕೆಯ ಪದದಲ್ಲೇ ಮುಗಿದಿರುತ್ತದೆ, ಸರ್ವನಾಮಕ್ಕೆ ಆ ಕೆಲಸ ಇಲ್ಲ. ಇಂಗ್ಲಿಷಿನಲ್ಲಿ ತಿರುಗುಮುರುಗು. ಕಸಿನ್ ಏನೂ ಹೇಳುವುದಿಲ್ಲ, ಹಿಂದೆ ಬರುವ 'ಹೀ', 'ಶೀ'ಯೇ ಎಲ್ಲ ಹೇಳಬೇಕು. ಫ್ರೆಂಚರು ಗಂಡಿಗೆ ಒಂದು ಹೆಣ್ಣಿಗೆ ಒಂದು ರೂಪ ಇಟ್ಟುಕೊಂಡಿದ್ದಾರೆ; ಅವರಿಂದ ಪದ ತಂದುಕೊಂಡ ಇಂಗ್ಲಿಷರು ಒಂದರಲ್ಲೇ ಸುಧಾರಿಸಿದರು. ಹಾಗಾಗಿ ಚೀನೀ ವಿದ್ಯಾರ್ಥಿಗೆ ಕಸಿನ್ ಕಲಿಸುವ ದಿನ ಅದನ್ನು ಒಂಟಿಯಾಗಿ ಕಲಿಸಬಾರದು ಎಂಬುದು ನನ್ನ ಹಟ. ಕಸಿನ್ ಬಂದ ಮೇಲೆ ಮರುವಾಕ್ಯದಲ್ಲಿ ಹೀ ಅಥವಾ ಶೀ ಬರಲೇಬೇಕು, ಜೋಡಿಯಾಗಿಯೇ ಬಾಯಿಪಾಠ ಆಗಬೇಕು. ಪಠ್ಯಪುಸ್ತಕಗಳು ವಂಶವೃಕ್ಷದ ಚಿತ್ರ ಬಿಡಿಸಿ, ಕೆಳಗಿನ ಮೂಲೆಯಲ್ಲಿ ಕಸಿನ್ ಎಂದು ಬರೆದು ಕೈತೊಳೆದುಕೊಳ್ಳುತ್ತವೆ.

ನಿಮ್ಮ ಮಗಳಿಗೆ ಹೇಳಿ: ತಿದ್ದಬೇಕು, ಆದರೆ ತಿದ್ದುವ ಮೊದಲು ಕೇಳಬೇಕು. ಅವನು ಯಾರ ಮಗ, ಅಂತ. ಆ ಹುಡುಗಿ ಖುಷಿಯಾಗಿ ಮನೆತನವನ್ನೆಲ್ಲ ಹೇಳುತ್ತಾಳೆ. ಆಮೇಲೆ ಮೂರು ಸಣ್ಣ ಉಪಾಯ ಕೊಡಲಿ. ಕಡೆ ಹೇಳಬೇಕಿದ್ದರೆ 'ಆನ್ ಮೈ ಮದರ್ಸ್ ಸೈಡ್'. ವಯಸ್ಸು ಹೇಳಬೇಕಿದ್ದರೆ 'ಓಲ್ಡರ್ ಕಸಿನ್'. ಪ್ರೀತಿ ಹೇಳಬೇಕಿದ್ದರೆ 'ಹೀ ಈಸ್ ಲೈಕ್ ಎ ಬ್ರದರ್ ಟು ಮೀ'. ಬೇಕಾದಾಗ ಬೇಕಾದದ್ದು, ಮೂರನ್ನೂ ಒಟ್ಟಿಗೆ ಅಲ್ಲ. ಒಡಹುಟ್ಟಿದವರು ಎಷ್ಟು ಎಂದು ವೀಸಾ ಅರ್ಜಿಯಲ್ಲಿ ಕೇಳಿದಾಗ ಮಾತ್ರ ಈ ಅಣ್ಣಂದಿರನ್ನು ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಅದನ್ನು ಕಡ್ಡಾಯವಾಗಿ ಹೇಳಿಕೊಡಲಿ.

ನಮ್ಮ ಹಾಗೇ ಅಂದೆ, ಆದರೆ ಪೂರ್ತಿ ನಮ್ಮ ಹಾಗಲ್ಲ. ಗೆರೆ ಎಳೆಯುವ ಜಾಗ ಬೇರೆ. ಕನ್ನಡದಲ್ಲಿ ಅಪ್ಪನ ಅಣ್ಣತಮ್ಮಂದಿರ ಮಕ್ಕಳೂ ಅಮ್ಮನ ಅಕ್ಕತಂಗಿಯರ ಮಕ್ಕಳೂ ಒಂದು ಕಡೆ: ಅಣ್ಣ, ತಮ್ಮ, ಅಕ್ಕ, ತಂಗಿ. ಸೋದರತ್ತೆ, ಸೋದರಮಾವನ ಮಕ್ಕಳು ಇನ್ನೊಂದು ಕಡೆ: ಭಾವ, ಮೈದುನ, ಅತ್ತಿಗೆ, ನಾದಿನಿ. ಚೀನೀಯರ ಗೆರೆ ಅಪ್ಪನ ವಂಶದ ಸುತ್ತ ಮಾತ್ರ. ಚಿಕ್ಕಮ್ಮನ ಮಗ ನಮಗೆ ತಮ್ಮ, ಅವರಿಗೆ 'ಹೊರಗಿನ' ತಮ್ಮ. ಅವರ ಥಾಂಗ್‌ಗೆ ನಮ್ಮಲ್ಲಿ ಹತ್ತಿರ ಬರುವ ಪದ ಒಂದೇ, ದಾಯಾದಿ. ಆದರೆ ನಾವು ಅದಕ್ಕೆ ಮತ್ಸರ ಸೇರಿಸಿ ಕೆಡಿಸಿಟ್ಟಿದ್ದೇವೆ. ಮಹಾಭಾರತವನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ದುರ್ಯೋಧನನೂ ಅರ್ಜುನನಿಗೆ ಕಸಿನ್, ಕೃಷ್ಣನೂ ಕಸಿನ್. ಚೀನೀ ಲೆಕ್ಕದಲ್ಲಿ ದುರ್ಯೋಧನ ಥಾಂಗ್. ಕುಂತಿ ವಸುದೇವನ ಸೋದರಿಯಾದ್ದರಿಂದ ಕೃಷ್ಣ ಪ್ಯಾವ್. ಕೊಲ್ಲಬೇಕಾದವನು ಒಳಗಿನವನು, ಕುದುರೆ ಹೊಡೆದವನು ಹೊರಗಿನವನು!

ನಾನು ತರಗತಿಯಲ್ಲಿ ಬಳಸುತ್ತಿದ್ದ ಉದಾಹರಣೆ ಯೂರೋಪಿನದು. ಬೋರ್ಡಿನ ಮೇಲೆ ಮೂರು ಹೆಸರು: ಇಂಗ್ಲೆಂಡಿನ ಐದನೇ ಜಾರ್ಜ್, ಜರ್ಮನಿಯ ಎರಡನೇ ವಿಲ್ಹೆಲ್ಮ್, ರಷ್ಯಾದ ಎರಡನೇ ನಿಕೊಲಸ್. ಹುಟ್ಟಿದ್ದು ಕ್ರಮವಾಗಿ 1865, 1859, 1868. ವಿಲ್ಹೆಲ್ಮನ ತಾಯಿ ಜಾರ್ಜನ ತಂದೆಯ ಅಕ್ಕ. ನಿಕೊಲಸನ ತಾಯಿ ಜಾರ್ಜನ ತಾಯಿಯ ತಂಗಿ, ಇಬ್ಬರೂ ಡೆನ್ಮಾರ್ಕಿನ ರಾಜಕುಮಾರಿಯರು. ಇಂಗ್ಲಿಷ್ ಚರಿತ್ರೆಕಾರರಿಗೆ ಇಬ್ಬರೂ ಜಾರ್ಜನ ಕಸಿನ್, ಮುಗಿಯಿತು. ನನ್ನ ವಿದ್ಯಾರ್ಥಿಗಳು ಪೆನ್ಸಿಲ್ ಕಚ್ಚಿ ಲೆಕ್ಕ ಹಾಕಿ, ವಿಲ್ಹೆಲ್ಮ್ ಪ್ಯಾವ್‌ಕ, ನಿಕೊಲಸ್ ಪ್ಯಾವ್‌ತಿ ಎನ್ನುತ್ತಿದ್ದರು. ಇಬ್ಬರೂ ಒಂದೇ ಗುಂಪು, ವಯಸ್ಸು ಮಾತ್ರ ಬೇರೆ. ಕನ್ನಡದಲ್ಲಿ ಹೇಳಿ ನೋಡಿ: ವಿಲ್ಹೆಲ್ಮ್ ಸೋದರತ್ತೆಯ ಮಗ, ಭಾವ, ನಿಕೊಲಸ್ ಚಿಕ್ಕಮ್ಮನ ಮಗ, ತಮ್ಮ. 1914ರ ಯುದ್ಧದಲ್ಲಿ ತಮ್ಮ ಜೊತೆಗೆ ನಿಂತ, ಭಾವ ಎದುರು ನಿಂತ. ಇದನ್ನು ಹೇಳಿದರೆ ತರಗತಿಯಲ್ಲಿ ಕನ್ನಡದ ಬಗ್ಗೆ ದಿಢೀರ್ ಗೌರವ ಬರುತ್ತಿತ್ತು.

ಪ್ರಶ್ನೆ: ಸಿಂಗಪುರದಲ್ಲಿ ನನ್ನ ಆಫೀಸಿನ ಗೆಳತಿ "ಮೈ ಸೆಕೆಂಡ್ ಕಸಿನ್" ಎಂದು ಪರಿಚಯಿಸಿದಾಕೆ ಅವಳ ಸ್ವಂತ ಸೋದರಮಾವನ ಮಗಳು. ಅದು ಫಸ್ಟ್ ಕಸಿನ್ ಅಲ್ಲವೇ? 'ವನ್ಸ್ ರಿಮೂವ್ಡ್' ಅಂದರೂ ಏನು ಅಂತ ಹೇಳಿಬಿಡಿ. (ಓದುಗರು, ಸಿಂಗಪುರ, ಮೂಲ ಊರು ಹಾಸನ)

ಉತ್ತರ: ಫಸ್ಟ್ ಕಸಿನ್ನೇ. ಮಾವನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದು, ಆಕೆ ಎರಡನೆಯವಳಿರಬೇಕು, ವಿಚಾರಿಸಿ ನೋಡಿ. ನಮ್ಮಲ್ಲಿ ದೊಡ್ಡಕ್ಕ, ಚಿಕ್ಕಕ್ಕ ಅಂದ ಹಾಗೆ ಚೀನೀಯರು ಸಂಖ್ಯೆ ಹಾಕುತ್ತಾರೆ: ಎರಡನೇ ಪ್ಯಾವ್‌ಚ್ಯೆ, ಮೂರನೇ ಪ್ಯಾವ್‌ಕ. ಆ 'ಎರಡನೇ'ಯನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿದರೆ ಹತ್ತಿರದ ನೆಂಟಳು ಒಂದೇ ಏಟಿಗೆ ಒಂದು ತಲೆಮಾರು ದೂರ ಹೋಗುತ್ತಾಳೆ.

ಇಂಗ್ಲಿಷಿನ ಲೆಕ್ಕ ಹೀಗೆ. ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ ಆದರೆ ಫಸ್ಟ್ ಕಸಿನ್. ಮುತ್ತಜ್ಜನ ಹಂತದಲ್ಲಿ ಕೂಡಿದರೆ ಸೆಕೆಂಡ್. ನನ್ನ ಮಗಳೂ ನನ್ನ ಫಸ್ಟ್ ಕಸಿನ್ನಿನ ಮಗಳೂ ಪರಸ್ಪರ ಸೆಕೆಂಡ್ ಕಸಿನ್. ಇಬ್ಬರೂ ಒಂದೇ ತಲೆಮಾರಿನವರಲ್ಲದಿದ್ದರೆ ಎಷ್ಟು ತಲೆಮಾರಿನ ಅಂತರವೋ ಅಷ್ಟು ಸಲ ರಿಮೂವ್ಡ್. ಅಪ್ಪನ ಫಸ್ಟ್ ಕಸಿನ್ ನನಗೆ ಫಸ್ಟ್ ಕಸಿನ್ ವನ್ಸ್ ರಿಮೂವ್ಡ್. ನಾವು ಅವರನ್ನು ಚಿಕ್ಕಪ್ಪ ಎಂದೋ ಮಾವ ಎಂದೋ ಕರೆದು ಊಟಕ್ಕೆ ಕೂರುತ್ತೇವೆ. ಚೀನೀಯರೂ ಚಿಕ್ಕಪ್ಪನ ಪದಕ್ಕೆ ಥಾಂಗ್ ಅಥವಾ ಪ್ಯಾವ್ ಅಂಟಿಸಿ ಕರೆಯುತ್ತಾರೆ. ಅಪ್ಪನ ವಯಸ್ಸಿನವರನ್ನು ಕಸಿನ್ ಅನ್ನಬೇಕು ಅಂದರೆ ಅವರಿಗೂ ನಾಲಿಗೆ ಏಳುವುದಿಲ್ಲ, ನಮಗೂ ಏಳುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯವರಲ್ಲೂ ಇದನ್ನು ಸರಿಯಾಗಿ ಹೇಳಬಲ್ಲವರು ಕಡಿಮೆ, ಬಹಳ ಜನ 'ದೂರದ ಕಸಿನ್' ಎಂದು ತೇಲಿಸುತ್ತಾರೆ. ಪರೀಕ್ಷೆಗೆ ಓದುವ ಚೀನೀ ವಿದ್ಯಾರ್ಥಿಗಳಿಗೆ ನಾನು ರಿಮೂವ್ಡ್ ಕಲಿಸುತ್ತಲೇ ಇರಲಿಲ್ಲ. ಆ ಹೊತ್ತಿನಲ್ಲಿ ಬೇರೆ ಹತ್ತು ಪದ ಬರುತ್ತವೆ.

ಅಂದ ಹಾಗೆ ದೂರದ ನೆಂಟರ ಬಗ್ಗೆ ಚೀನೀಯರಲ್ಲಿ ಒಂದು ಗಾದೆಯಂಥ ಮಾತಿದೆ: ಒಂದು ಪ್ಯಾವ್, ಮೂರು ಸಾವಿರ ಲೀ. ಲೀ ಅಂದರೆ ಅರ್ಧ ಕಿಲೋಮೀಟರ್. ಪ್ಯಾವ್ ಎಂದು ಶುರು ಮಾಡಿದರೆ ನೆಂಟಸ್ತಿಕೆ ಎಲ್ಲಿಯವರೆಗೆ ಬೇಕಾದರೂ ಹಬ್ಬುತ್ತದೆ ಎಂಬ ಕುಹಕ. ಈಗಿನ ಹುಡುಗರಿಗೆ ಅದೂ ಗೊಂದಲ. ಹಬ್ಬಕ್ಕೆ ಊರಿಗೆ ಹೋಗುವಾಗ ಯಾರನ್ನು ಏನೆಂದು ಕರೆಯಬೇಕು ಎಂದು ತಿಳಿಯಲು ಫೋನಿನಲ್ಲಿ ನೆಂಟಸ್ತಿಕೆಯ ಕ್ಯಾಲ್ಕುಲೇಟರ್ ಇಟ್ಟುಕೊಂಡಿರುತ್ತಾರೆ. ಅಮ್ಮನ ಅಣ್ಣನ ಹೆಂಡತಿ ಎಂದು ಒತ್ತಿದರೆ ಪದ ಬರುತ್ತದೆ. ಒಬ್ಬೊಬ್ಬರೇ ಮಕ್ಕಳಾದ ಗಂಡ ಹೆಂಡತಿಗೆ ಹುಟ್ಟಿದ ಮಗುವಿಗೆ ಫಸ್ಟ್ ಕಸಿನ್ ಎನ್ನುವವರು ಒಬ್ಬರೂ ಇರುವುದಿಲ್ಲ, ಲೆಕ್ಕ ಹಾಕಿ ನೋಡಿ. ಅಂಥ ಮಕ್ಕಳು ಈಗ ಶಾಲೆಗಳಲ್ಲಿದ್ದಾರೆ.

ಪ್ರಶ್ನೆ: ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದಿದೆ. ಚೀನಾದಲ್ಲೂ ಇದೆಯೇ? ಇಂಗ್ಲಿಷಿನವರು ಕಸಿನ್ ಜೊತೆ ಮದುವೆ ಎಂದರೆ ಯಾಕೆ ಹುಬ್ಬು ಹಾರಿಸುತ್ತಾರೆ? (ಮಂಡ್ಯದ ಹಿರಿಯ ಓದುಗರು)

ಉತ್ತರ: ಹಿಂದೆ ಇತ್ತು ಸ್ವಾಮಿ, ಈಗ ಕಾನೂನು ಬಿಡುವುದಿಲ್ಲ. ಥಾಂಗ್ ಜೊತೆ ಎಂದೂ ಸಲ್ಲದು, ಒಂದೇ ಮನೆತನದ ಹೆಸರಿನವರು. ಪ್ಯಾವ್ ಜೊತೆ ಮಾತ್ರ ಧಾರಾಳವಾಗಿ ನಡೆಯುತ್ತಿತ್ತು. 'ನೆಂಟಸ್ತಿಕೆಯ ಮೇಲೆ ನೆಂಟಸ್ತಿಕೆ' ಎಂದು ಅದನ್ನು ಹೊಗಳುತ್ತಲೂ ಇದ್ದರು. 1950ರ ವಿವಾಹ ಕಾನೂನು ಈ ವಿಷಯವನ್ನು ಆಯಾ ಕಡೆಯ ರೂಢಿಗೆ ಬಿಟ್ಟಿತ್ತು. 1980ರಲ್ಲಿ ಬಂದು 1981ರ ಜನವರಿ 1ರಿಂದ ಜಾರಿಯಾದ ಕಾನೂನು ಮೂರು ತಲೆಮಾರಿನೊಳಗಿನ ರಕ್ತಸಂಬಂಧದ ಮದುವೆಯನ್ನು ನಿಷೇಧಿಸಿತು. ಹೀಗಾಗಿ ಇವತ್ತಿನ ವಿದ್ಯಾರ್ಥಿಗೆ ಪ್ಯಾವ್‌ಮೇಯ್ ಅಂದರೆ ತಂಗಿ ಮಾತ್ರ. 'ಮಾವನ ಮಗಳು' ಎಂದು ನಾವು ಅಂದಾಗ ದನಿಯಲ್ಲಿ ಇಣುಕುವ ಚೇಷ್ಟೆ ಅವರಿಗೆ ತಿಳಿಯುವುದೇ ಇಲ್ಲ. ಅಜ್ಜಿಯಂದಿರಿಗೆ ತಿಳಿಯುತ್ತದೆ.

ಇಂಗ್ಲೆಂಡಿನಲ್ಲಿ ಕಸಿನ್ ಮದುವೆ ಕಾನೂನಿಗೆ ವಿರುದ್ಧವಲ್ಲ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಕೈಹಿಡಿದ ಎಮ್ಮಾ ವೆಜ್‌ವುಡ್ ಯಾರೆಂದುಕೊಂಡಿರಿ? ಅವನ ತಾಯಿ ಸುಸಾನಾಳ ತಮ್ಮ ಜೊಸಾಯಾನ ಮಗಳು. ಅಪ್ಪಟ ಸೋದರಮಾವನ ಮಗಳು, ಮಂಡ್ಯದಲ್ಲಾದರೆ ಜಾತಕವನ್ನೂ ಕೇಳುತ್ತಿರಲಿಲ್ಲ. ವಯಸ್ಸಿನಲ್ಲಿ ಕೆಲವು ತಿಂಗಳು ದೊಡ್ಡವಳು ಎಂದು ಮಾತ್ರ ಯಾರಾದರೂ ಗೊಣಗುತ್ತಿದ್ದರೇನೋ. ಹತ್ತಿರದ ರಕ್ತದಲ್ಲಿ ಮದುವೆಯಾದರೆ ಮಕ್ಕಳ ಆರೋಗ್ಯ ಏನಾದೀತು ಎಂದು ಮುಂದೆ ತಲೆಕೆಡಿಸಿಕೊಂಡವನೂ ಅವನೇ. ಹುಬ್ಬು ಹಾರಿಸುವವರು ಹೆಚ್ಚಾಗಿ ಅಮೆರಿಕದವರು, ಅಲ್ಲಿ ಅನೇಕ ರಾಜ್ಯಗಳಲ್ಲಿ ನಿಷೇಧವಿದೆ.

ಒಂದು ಮಾತು ನೆನಪಿಡಿ. 'ನಾನು ಕಸಿನ್ನನ್ನು ಮದುವೆಯಾದೆ' ಎಂದು ನೀವು ಇಂಗ್ಲಿಷಿನಲ್ಲಿ ಅಂದರೆ ಕೇಳುವವರಿಗೆ ದೊಡ್ಡಪ್ಪನ ಮಗಳೂ ಮಾವನ ಮಗಳೂ ಒಂದೇ. ನಮ್ಮಲ್ಲಿ ಒಬ್ಬಳು ಒಡಹುಟ್ಟಿದವಳಿಗೆ ಸಮ, ಇನ್ನೊಬ್ಬಳು ಹೆಣ್ಣು ಕೇಳಲು ಹೋಗುವ ಮನೆಯವಳು. ಆ ಭೇದ ಆ ಪದದಲ್ಲಿ ಇಲ್ಲ. 'ಮದರ್ಸ್ ಬ್ರದರ್ಸ್ ಡಾಟರ್' ಎಂದು ಬಿಡಿಸಿಯೇ ಹೇಳಿ.

ಪ್ರಶ್ನೆ: 'ಕಸಿನ್ ಬ್ರದರ್' ತಪ್ಪೇ? ನಮ್ಮ ಲೆಕ್ಚರರ್ ಕೆಂಪು ಗೆರೆ ಹಾಕಿದರು. (ಪಿಯು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಪರೀಕ್ಷೆಯಲ್ಲಿ ಬರೆಯಬೇಡಪ್ಪ. ಲಂಡನ್ನಿನವನಿಗೆ ಅದು ವಿಚಿತ್ರವಾಗಿ ಕೇಳುತ್ತದೆ. ಆದರೆ ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಬೇರೂರಿದ ಮಾತು. ಗಂಡು ಎಂಬ ಸುದ್ದಿಯನ್ನೂ ಅಣ್ಣತಮ್ಮನ ಸಲಿಗೆಯನ್ನೂ ಪದದೊಳಕ್ಕೆ ವಾಪಸ್ಸು ತುರುಕುವ ಕೆಲಸ ಅದು ಮಾಡುತ್ತದೆ. ಚೀನೀ ವಿದ್ಯಾರ್ಥಿಗಳಿಗೂ ಇದೇ ಆಸೆ. ಒಬ್ಬಳು ನನ್ನ ಬಾಯಲ್ಲಿ 'ಕಸಿನ್ ಸಿಸ್ಟರ್' ಕೇಳಿ, ಇಷ್ಟು ದಿನ ಇದನ್ನು ಯಾಕೆ ಹೇಳಿಕೊಡಲಿಲ್ಲ ಎಂದು ಜಗಳಕ್ಕೇ ಬಂದಿದ್ದಳು. ಕನ್ನಡ ಪತ್ರಿಕೆಗಳ 'ಸೋದರ ಸಂಬಂಧಿ' ಇದೆಯಲ್ಲ, ಅದಕ್ಕಿಂತ ಕಸಿನ್ ಬ್ರದರ್ ಎಷ್ಟೋ ವಾಸಿ. ಕೊಲೆ ಕೇಸಿನ ಸುದ್ದಿಯಲ್ಲಿ ಬಿಟ್ಟರೆ ಸೋದರ ಸಂಬಂಧಿಯನ್ನು ನಾನು ಎಲ್ಲೂ ಕಂಡಿಲ್ಲ.

ಪ್ರಶ್ನೆ: ಉಚ್ಚಾರ ಕಸಿನ್ನೋ, ಕಝಿನ್ನೋ? (ಓದುಗರು, ಕುಮಟಾ)

ಉತ್ತರ: ನಡುವೆ ಬರುವುದು ಜೇನಿನ ಜ ಅಲ್ಲ, ಸಮಯದ ಸ ಅಲ್ಲ, ಉರ್ದುವಿನ 'ಜಮೀನ್' ಅನ್ನುವಾಗ ಬರುವ ಗುಂಯ್‌ಗುಡುವ ಶಬ್ದ. ಕೊನೆಯ 'ಇ' ಇದ್ದೂ ಇಲ್ಲದ ಹಾಗೆ. ಚೀನೀಯರ ರೋಮನ್ ಬರಹದಲ್ಲಿ 'ಝೆಡ್' ಅಕ್ಷರ ಇದೆ, ಆದರೆ ಅದನ್ನು ಅವರು 'ತ್ಸ' ಎಂದು ಓದುತ್ತಾರೆ. ಹಾಗಾಗಿ ಅವರ ಬಾಯಲ್ಲಿ 'ಕತ್ಸನ್' ಅಥವಾ 'ಕಸನ್' ಆಗುತ್ತದೆ. ಗಂಟಲ ಮೇಲೆ ಬೆರಳಿಟ್ಟು 'ಸ್' ಅನ್ನಿ, ನಡುಗುವುದಿಲ್ಲ. ಹಾಗೇ ಎಳೆಯುತ್ತಾ ದನಿ ಸೇರಿಸಿದರೆ ಬೆರಳಿಗೆ ನಡುಕ ಸಿಗುತ್ತದೆ. ಆ ಶಬ್ದ ಇದು. ಅವರಿಗೆ ಕಲಿಸಿದ್ದೂ ಹೀಗೇ, ನೀವೂ ಹೀಗೇ ಮಾಡಿ.